ಸದಸ್ಯರಿಗೆ ಮಾತ್ರ

ನನಗೆ ಸಿಟ್ಟು ಬೇಗ ಬರುತ್ತದೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಏಕೆಂದರೆ ನಾನು ಹೋಗುವ ಚರ್ಚಿನಲ್ಲಿ ಸಿಟ್ಟೊಂದನ್ನು ಬಿಟ್ಟು ಉಳಿದೆಲ್ಲದಕ್ಕೂ ಒಂದೊಂದು ಗುಂಪಿದೆ. ಹೂ ಜೋಡಿಸಲು ಒಂದು ಗುಂಪು, ಬಲಿಪೀಠದ ಬಟ್ಟೆಗೆ ಇಸ್ತ್ರಿ ಹಾಕಲು ಒಂದು, ಕಾಯಿಲೆ ಬಿದ್ದವರಿಗೆ ಶಾಲು ಹೆಣೆಯಲು ಒಂದು. ಬಾಗಿಲಲ್ಲಿ ನಿಂತು ಬಂದವರನ್ನು ನೋಡಿ ನಗಲು ಸಹ ಒಂದು ಗುಂಪು. ಆ ಗುಂಪಿಗೆ ನನ್ನನ್ನು ಒಂದೇ ಒಂದು ಭಾನುವಾರ ಹಾಕಿ, ಮರುವಾರವೇ ಕಾಫಿಗೆ ವರ್ಗ ಮಾಡಿದರು.

ಇದು ಎಪಿಸ್ಕೋಪಲ್ ಚರ್ಚು. ಕಡಲಾಚೆ ನಾನು ಹುಟ್ಟಿ ಬೆಳೆದ ಬೆಟಗೇರಿಯ ಮಿಷನ್ ಕಂಪೌಂಡಿನ ಚರ್ಚಿಗೆ ದೂರದ ನೆಂಟಸ್ತಿಕೆ ಇರುವಂಥದು. ಪ್ರಾರ್ಥನೆ ಹೆಚ್ಚುಕಡಿಮೆ ಅದೇ, ಮಂಡಿಯೂರುವ ಜಾಗವೂ ಅದೇ. ಬೇರೆ ಏನೆಂದರೆ ಇಲ್ಲಿ ಪ್ರತಿ ಕೆಲಸಕ್ಕೂ ಮಿನಿಸ್ಟ್ರಿ, ಅಂದರೆ ದೇವರ ಸೇವೆ, ಎನ್ನುತ್ತಾರೆ. ಕಾಫಿ ಕಾಸುವುದೂ ಮಿನಿಸ್ಟ್ರಿ, ಕೆಫೀನ್ ತೆಗೆದು ಯಾರ ತಲೆಗೂ ಏರದಂತೆ ಮಾಡಿದ ಡಿಕ್ಯಾಫ್ ಕಾಸುವುದೂ ಮಿನಿಸ್ಟ್ರಿ, ಕುರ್ಚಿ ಮಡಚುವುದೂ ಮಿನಿಸ್ಟ್ರಿ. ನಾನು ಮೂರು ಮಿನಿಸ್ಟ್ರಿಗಳಲ್ಲಿದ್ದೇನೆ ಎಂದು ಫೋನಿನಲ್ಲಿ ಹೇಳಿದಾಗ ನನ್ನ ತಮ್ಮ, "ಯಾವ ಖಾತೆ ಕೊಟ್ಟಾರಕ್ಕಾ?" ಎಂದು ಕೇಳಿದ. ಕಾಫಿ, ಬುಧವಾರದ ಊಟ, ಮತ್ತೆ ಸಾವಿನ ಮನೆಯವರ ಉಪಚಾರ ಎಂದೆ. "ಒಂದೂ ದುಡ್ಡಿನ ಖಾತೆ ಅಲ್ಲಲ್ಲ," ಎಂದು ಅವನು ನಿರಾಸೆಪಟ್ಟ.

ಈ ಮೂರರಲ್ಲಿ ನನ್ನ ಸಿಟ್ಟಿಗೆ ಕಾರಣವಾದದ್ದು ಕೊನೆಯದು.

ಮೊದಲು ಬುಧವಾರದ ಊಟದ ವಿಷಯ ಹೇಳಬೇಕು. ಪ್ರತಿ ಬುಧವಾರ ಸಂಜೆ ಚರ್ಚಿನ ಹಾಲ್‌ನಲ್ಲಿ ಯಾರು ಬಂದರೂ ಬಿಸಿ ಊಟ. ಸುತ್ತಲ ಅಪಾರ್ಟ್‌ಮೆಂಟುಗಳ ಮುದುಕರು, ಎರಡೆರಡು ಕೆಲಸ ಮಾಡುವ ತಾಯಂದಿರು, ಕಾರಿನಲ್ಲೇ ವಾಸ ಮಾಡುವವರು ಬರುತ್ತಾರೆ. ಹಾಗೆ ಬಂದವನು ಡೇಲ್. ಅರವತ್ತು ದಾಟಿದ, ಉದ್ದ ಕೈಕಾಲಿನ, ಮಾತು ಕಡಿಮೆ ಇದ್ದ ಮನುಷ್ಯ. ಬಿಳಿ ವ್ಯಾನೊಂದರಲ್ಲಿ ಇರುತ್ತಿದ್ದ. ಅದನ್ನು ನಮ್ಮ ಪಾರ್ಕಿಂಗ್ ಲಾಟಿನ ಮೂಲೆಯಲ್ಲಿ ನಿಲ್ಲಿಸಿಕೊಳ್ಳಲು ಪಾದ್ರಿ ಎಮಿಲಿ ಒಪ್ಪಿಗೆ ಕೊಟ್ಟಿದ್ದರು. ಮೊದಲ ಕೆಲವು ತಿಂಗಳು ಉಂಡು ಎದ್ದು ಹೋಗುತ್ತಿದ್ದ. ಒಂದು ಬುಧವಾರ ನಾನು ಬೇಳೆ ಸಾರನ್ನು ತಳ ಹತ್ತಿಸಿದೆ. ಆ ದೊಡ್ಡ ಪಾತ್ರೆಯನ್ನು ನಾನು ಬೈಯುತ್ತಾ ಉಜ್ಜುತ್ತಿದ್ದಾಗ ಅವನು ಬಂದು ನನ್ನ ಕೈಯಿಂದ ಬ್ರಷ್ ತೆಗೆದುಕೊಂಡ.

"ನೀವು ಪಾತ್ರೆ ತೊಳೀತಿಲ್ಲ, ಅದರ ಜೊತೆ ಜಗಳ ಆಡ್ತಿದೀರಿ," ಅಂದ.

ಅಂದಿನಿಂದ ಮೂರು ವರ್ಷ, ಒಂದು ಬುಧವಾರವೂ ತಪ್ಪದೆ, ಪಾತ್ರೆಗಳೆಲ್ಲ ಅವನವೇ. ನಾವು ಎದೆಗೆ ಹೆಸರಿನ ಚೀಟಿ ಅಂಟಿಸಿಕೊಂಡು ಏಪ್ರನ್ ಕಟ್ಟಿಕೊಂಡು ಓಡಾಡುವವರು. ಅವನಿಗೂ ಒಂದು ಚೀಟಿ ಬರೆದುಕೊಡಲು ಹೋದರೆ ಬೇಡ ಎನ್ನುತ್ತಿದ್ದ. ಕೆಲಸ ಮುಗಿದ ಮೇಲೆ ಕೊನೆಯವನಾಗಿ ತಟ್ಟೆ ಹಾಕಿಕೊಂಡು, ಆಲೂಗಡ್ಡೆಯ ಮೇಲೆ ನಾನು ಮನೆಯಿಂದ ಒಯ್ಯುತ್ತಿದ್ದ ಶೇಂಗಾ ಚಟ್ನಿಪುಡಿಯನ್ನು ಉಪ್ಪು ಉದುರಿಸಿದ ಹಾಗೆ ಉದುರಿಸಿಕೊಂಡು ತಿನ್ನುತ್ತಿದ್ದ. ಆ ಪುಡಿಯನ್ನು ಆಲೂಗಡ್ಡೆಗೆ ಹಾಕಬಾರದೆಂದು ಎಷ್ಟು ಸಲ ಹೇಳಿದರೂ ಕೇಳಲಿಲ್ಲ. ಆಮೇಲೆ ನಾನೂ ಹಾಗೇ ತಿನ್ನಲು ಶುರು ಮಾಡಿದೆ.

ಕಳೆದ ಫೆಬ್ರವರಿಯಲ್ಲಿ ಅವನಿಗೆ ನ್ಯುಮೋನಿಯಾ ಆಯಿತು. ಆಸ್ಪತ್ರೆ ಸೇರಿದ ನಾಲ್ಕನೇ ದಿನ ತೀರಿಕೊಂಡ. ಎರಡೂವರೆ ತಾಸಿನ ದಾರಿಯ ಯಾಕಿಮಾದಲ್ಲಿ ಒಬ್ಬ ತಂಗಿ ಇದ್ದಾಳೆಂದು ಆಗಲೇ ಗೊತ್ತಾದದ್ದು. ಶನಿವಾರ ಬೆಳಿಗ್ಗೆ ನಮ್ಮ ಚರ್ಚಿನಲ್ಲೇ ಪ್ರಾರ್ಥನೆ ಇಟ್ಟುಕೊಳ್ಳೋಣ ಎಂದು ಎಮಿಲಿ ನಿರ್ಧರಿಸಿದರು.

ಇಲ್ಲಿ ಸಾವಿನ ಪ್ರಾರ್ಥನೆಯ ನಂತರ ಹಾಲ್‌ನಲ್ಲಿ ಎಲ್ಲರಿಗೂ ಊಟ, ಕಾಫಿ ಕೊಡುವುದು ರೂಢಿ. ಅದನ್ನು ನೋಡಿಕೊಳ್ಳುವುದೇ ನಮ್ಮ ಉಪಚಾರದ ಗುಂಪು. ಅದರ ಮುಖ್ಯಸ್ಥೆ ಕ್ಯಾರಲ್. ಎಪ್ಪತ್ತಮೂರು ವರ್ಷ, ಗಂಡ ಇಲ್ಲ, ಯಾವಾಗಲೂ ಇಸ್ತ್ರಿ ಮಾಡಿದ ನೀಲಿ ಶರ್ಟು. ಶನಿವಾರಕ್ಕೆ ನಾನು ಏನು ತರಲಿ ಎಂದು ಅವಳಿಗೆ ಮೆಸೇಜು ಕಳಿಸಿದೆ. ಉತ್ತರ ಬಂದಾಗ ನಾನು ಫ್ಯಾಕ್ಟೋರಿಯಾದ ಅಂಗಡಿಯೊಂದರಲ್ಲಿ ಈರುಳ್ಳಿ ಆರಿಸುತ್ತಿದ್ದೆ. ಡೇಲ್ ನಮ್ಮ ಚರ್ಚಿನ ಸದಸ್ಯರಲ್ಲ, ಉಪಚಾರ ಸದಸ್ಯರಿಗೆ ಮತ್ತು ಅವರ ಕುಟುಂಬಕ್ಕೆ ಮಾತ್ರ, ಹಾಗಾಗಿ ಶನಿವಾರ ಊಟದ ವ್ಯವಸ್ಥೆ ಇರುವುದಿಲ್ಲ, ಅರ್ಥ ಮಾಡಿಕೊಂಡಿದ್ದಕ್ಕೆ ಧನ್ಯವಾದ ಎಂದಿತ್ತು. ಕೊನೆಗೊಂದು ಹೂವಿನ ಚಿತ್ರ.

ನಾನು ಅರ್ಥ ಮಾಡಿಕೊಂಡಿರಲೇ ಇಲ್ಲ. ಮಾಡಿಕೊಳ್ಳದವಳಿಗೆ ಮುಂಗಡವಾಗಿ ಧನ್ಯವಾದ ಹೇಳುವುದು ಯಾವ ಊರಿನ ಮರ್ಯಾದೆ? ಈರುಳ್ಳಿ ಅಲ್ಲೇ ಬಿಟ್ಟು ಕಾರಿಗೆ ಬಂದು ಫೋನ್ ಮಾಡಿದೆ.

"ಮೂರು ವರ್ಷ ನಮ್ಮ ಪಾತ್ರೆ ತೊಳೆದವನು ಸದಸ್ಯ ಅಲ್ವಾ?"

"ನಿಮ್ಮ ಫೀಲಿಂಗ್ಸ್ ನನಗೆ ಅರ್ಥ ಆಗುತ್ತೆ, ಪ್ರೇಮಾ. ಆದ್ರೆ ರೂಲ್ ಇದೆ."

"ಯಾವ ರೂಲು? ಅವನ ತಂಗಿ ಯಾಕಿಮಾದಿಂದ ಡ್ರೈವ್ ಮಾಡ್ಕೊಂಡು ಬರ್ತಿದಾಳೆ. ಅವಳ ಕೈಗೆ ಒಂದು ಕಪ್ ಕಾಫಿ ಕೊಡೋಕೂ ರೂಲು ನೋಡ್ಬೇಕಾ?"

"ಗುರುವಾರ ಮೀಟಿಂಗ್ ಇದೆಯಲ್ಲ, ಅಲ್ಲಿ ಮಾತಾಡೋಣ."

ಅವಳು ದನಿ ಏರಿಸಲೇ ಇಲ್ಲ. ಚರ್ಚಿನ ಜನರ ಜೊತೆ ಜಗಳವಾಡುವುದರಲ್ಲಿ ಇದೇ ಕಷ್ಟ, ಹತ್ತಿಯ ದಿಂಬಿಗೆ ಗುದ್ದಿದ ಹಾಗೆ. ಜೊತೆಗೆ ಇಂಗ್ಲಿಷಿನದು ಇನ್ನೊಂದು ತೊಂದರೆ. ನಮ್ಮ ಭಾಷೆಯಲ್ಲಾದರೆ ಸಿಟ್ಟು ಒಂದು ಮಟ್ಟಕ್ಕೆ ಬಂದಾಗ ಬಹುವಚನ ಬಿಟ್ಟು ಏಕವಚನಕ್ಕೆ ಇಳಿಯಬಹುದು. 'ನೀವು' ಎನ್ನುತ್ತಿದ್ದವಳು ಒಮ್ಮೆಲೇ 'ನೀ' ಎಂದರೆ ಎದುರಿಗಿರುವವರಿಗೆ ನಾವು ಯಾವ ಮೆಟ್ಟಿಲಲ್ಲಿ ನಿಂತಿದ್ದೇವೆಂದು ಗೊತ್ತಾಗುತ್ತದೆ. ಇಂಗ್ಲಿಷಿನಲ್ಲಿ ಆ ಮೆಟ್ಟಿಲೇ ಇಲ್ಲ. ದೇವರಿಗೂ ಕ್ಯಾರಲ್‌ಗೂ ಒಂದೇ 'ಯೂ'.

ಮನೆಗೆ ಬಂದು ಗಂಡ ವಸಂತನ ಮುಂದೆ ಎಲ್ಲವನ್ನೂ ಮತ್ತೊಮ್ಮೆ ಕೂಗಿದೆ. ಅವನು ಪೇಪರ್ ಟವೆಲಿನಿಂದ ಕನ್ನಡಕ ಒರೆಸುತ್ತಾ, "ಯಾಕ ಇಷ್ಟ ಒದರ್ತಿ? ನೀ ಫೋನ್ ಮಾಡದಿದ್ರೂ ಆಕಿಗೆ ಕೇಳಸ್ತಿತ್ತು," ಎಂದ. ಅವನ ಮೇಲೂ ಸಿಟ್ಟು ಬಂತು.

ಗುರುವಾರ ಮೀಟಿಂಗಿಗೆ ಹೋದೆ. ಐದು ಜನ ಹೆಂಗಸರು, ಒಂದು ತಟ್ಟೆ ಬಿಸ್ಕತ್ತು. ನಾನು ಕೂತುಕೊಳ್ಳಲೂ ಇಲ್ಲ. ಈ ಚರ್ಚಿನ ಬಾಗಿಲ ಮೇಲೆ ಎಲ್ಲರಿಗೂ ಸ್ವಾಗತ ಎಂಬ ಬೋರ್ಡು ಹಾಕಿದ್ದೀರಿ, ಜೀವ ಇರುವವರೆಗೆ ಮಾತ್ರ ಎಂದು ಕೆಳಗೆ ಸಣ್ಣ ಅಕ್ಷರದಲ್ಲಿ ಬರೆಸಿ ಎಂದೆ. ಇಂಥ ನಿಯಮ ಬರೆದವರಿಗೆ ಹೃದಯ ಇತ್ತೋ ಇಲ್ಲವೋ ಎಂದೆ. ಇನ್ನೂ ಏನೇನೋ ಅಂದೆ, ಅವನ್ನು ಇಲ್ಲಿ ಬರೆಯುವುದಿಲ್ಲ.

ಕ್ಯಾರಲ್ ಎಲ್ಲ ಕೇಳಿ, ಕಪಾಟಿನಿಂದ ಒಂದು ದಪ್ಪ ಫೈಲು ತೆಗೆದು, ಪುಟ ತಿರುಗಿಸಿ, ನನ್ನ ಕಡೆಗೆ ತಳ್ಳಿದಳು.

"ನಾಲ್ಕು ಪಾಯಿಂಟ್ ಎರಡು," ಅಂದಳು.

ಓದಿದೆ. ಉಪಚಾರ, ಸದಸ್ಯರು ಮತ್ತು ಅವರ ಕುಟುಂಬದವರಿಗೆ ಮಾತ್ರ. ಯಾವುದೇ ವಿನಾಯಿತಿಗೆ ಆಡಳಿತ ಸಮಿತಿಯ ಒಪ್ಪಿಗೆ ಕಡ್ಡಾಯ. ವಾಕ್ಯ ಬಹಳ ಅಚ್ಚುಕಟ್ಟಾಗಿತ್ತು, ಎಲ್ಲಿಯೂ ಸಂದಿಲ್ಲ. ಪುಟದ ಕೆಳಗೆ, ಸಿದ್ಧಪಡಿಸಿದವರು: ಪ್ರೇಮಲತಾ. ಅಂದರೆ ನಾನು.

ನಾನು ಮೂವತ್ತು ವರ್ಷ ವಿಮಾನದ ಕಾರ್ಖಾನೆಯಲ್ಲಿ ಜೋಡಣೆಯ ಸೂಚನೆಗಳನ್ನು ಬರೆದವಳು. ಯಾವ ಬೋಲ್ಟು, ಎಷ್ಟು ಬಿಗಿ, ಯಾರ ಸಹಿ. ಎರಡು ಅರ್ಥ ಬಾರದ ಹಾಗೆ ಬರೆಯುವುದೇ ನನ್ನ ಕೆಲಸವಾಗಿತ್ತು. ಆ ವಿದ್ಯೆಯನ್ನೆಲ್ಲ ಖರ್ಚು ಮಾಡಿ ಬರೆದ ನಿಯಮ ಇದು. ಬರೆದದ್ದು ಮರೆತೇಹೋಗಿತ್ತು. ಪುಟ ನೋಡಿದ ಮೇಲೆ ಒಂದೊಂದಾಗಿ ನೆನಪಾಯಿತು. ನಾಲ್ಕು ವರ್ಷದ ಹಿಂದೆ ಚರ್ಚಿಗೆ ಸಂಬಂಧವೇ ಇಲ್ಲದ ದೊಡ್ಡ ಕುಟುಂಬವೊಂದು ಇಲ್ಲಿ ಸಾವಿನ ಕಾರ್ಯ ಇಟ್ಟುಕೊಂಡು, ನಮ್ಮ ಗುಂಪಿನವರನ್ನು ಮೂರು ದಿನ ದುಡಿಸಿ ಸುಸ್ತು ಮಾಡಿತ್ತು. ಅದೇ ವಾರ ಕ್ಯಾರಲ್‌ಳ ಗಂಡ ಬಾಬ್ ತೀರಿಕೊಂಡ. ಅವನ ಪ್ರಾರ್ಥನೆಯ ದಿನ ಅಡುಗೆಮನೆಗೆ ಬಂದದ್ದು ನಾನು ಮತ್ತೊಬ್ಬಳು, ಇಬ್ಬರೇ. ನಾನು ಹಾಲ್‌ನಿಂದ ಖಾಲಿ ತಟ್ಟೆ ಹಿಡಿದು ಒಳಗೆ ಬಂದಾಗ, ಕಪ್ಪು ಬಟ್ಟೆ ತೊಟ್ಟ ಕ್ಯಾರಲ್ ಕಾಫಿ ಪಾತ್ರೆಗೆ ನೀರು ತುಂಬುತ್ತಾ ನಿಂತಿದ್ದಳು. ಗಂಡನನ್ನು ಕಳಿಸಿಕೊಟ್ಟು ಇನ್ನೂ ಒಂದು ಗಂಟೆಯಾಗಿರಲಿಲ್ಲ. ಅದನ್ನು ನೋಡಿ ನನಗೆ ಎಂಥ ಸಿಟ್ಟು ಬಂತೆಂದರೆ, ಆ ವಾರವೇ ಕೂತು ಈ ನಿಯಮ ಬರೆದೆ.

ಅಂದರೆ, ಆ ಫೈಲಿನಲ್ಲಿ ಇದ್ದದ್ದು ನನ್ನದೇ ಹಳೆಯ ಸಿಟ್ಟು. ಅದು ಆಗ ನ್ಯಾಯವಾದದ್ದೇ. ನಾಲ್ಕು ವರ್ಷ ಕಪಾಟಿನಲ್ಲಿ ಕೂತು ಗಟ್ಟಿಯಾಗಿ, ಈಗ ಡೇಲ್‌ನ ದಾರಿಗೆ ಅಡ್ಡ ಮಲಗಿತ್ತು. ನಿಯಮಗಳ ಬುಡ ಅಗೆದರೆ ಬಹುಶಃ ಹೀಗೆ ಯಾರೋ ಒಬ್ಬರ ಸಿಟ್ಟು ಸಿಗುತ್ತದೆ, ಆರಿಹೋದದ್ದು. ಇದೆಲ್ಲ ಹೊಳೆದದ್ದು ಆಮೇಲೆ. ಆಗ ಹೊಳೆದದ್ದು ಸೋಲಬಾರದು ಎಂಬುದೊಂದೇ.

"ನಾನು ಬರೆದದ್ದು ತಪ್ಪು. ಈಗಲೇ ತಿದ್ದಿ," ಅಂದೆ.

"ಆಡಳಿತ ಸಮಿತಿ ಒಪ್ಪಬೇಕು. ಅದು ಸೇರೋದು ಮುಂದಿನ ವಾರ. ಅದನ್ನೂ ನೀವೇ ಬರೆದಿದೀರಿ."

"ಸರಿ. ಕಿಚನ್ ಕೀ ನಿಮ್ಮ ಹತ್ರಾನೇ ಇಟ್ಕೊಳ್ಳಿ. ಪಾರ್ಕಿಂಗ್ ಲಾಟಿನಲ್ಲಿ ನನ್ನ ಕಾರ್ ನಿಲ್ಲಿಸೋಕೆ ರೂಲ್ ಇಲ್ಲ ತಾನೇ?"

ಶನಿವಾರ ಬೆಳಕು ಹರಿಯುತ್ತಲೇ ನಾನೂ ವಸಂತನೂ ನ್ಯೂಕ್ಯಾಸಲ್‌ನ ನಮ್ಮ ಅಡುಗೆಮನೆಯಲ್ಲಿ ಶುರುಮಾಡಿದೆವು. ಎರಡು ದೊಡ್ಡ ಪಾತ್ರೆ ಉಪ್ಪಿಟ್ಟು, ಬೇಯಿಸಿದ ಆಲೂಗಡ್ಡೆ, ಮೊಟ್ಟೆಯ ಸ್ಯಾಂಡ್‌ವಿಚ್, ಒಂದು ಡಬ್ಬಿ ಚಟ್ನಿಪುಡಿ. ಕೂಗಾಡುತ್ತಾ ಕಲಕಿದ್ದರಿಂದಲೋ ಏನೋ ಒಂದು ಪಾತ್ರೆಯ ತಳ ಹತ್ತಿತು. ಬರುವವರು ಹತ್ತು ಜನ ಇರಬಹುದು ಎಂದು ನನ್ನ ಅಂದಾಜು, ಕೈ ಮಾತ್ರ ಬುಧವಾರದ ಅಳತೆಗೇ ರವೆ ಅಳೆದಿತ್ತು. ಪ್ರಾರ್ಥನೆಗೆ ಹೋಗಿ ನೋಡಿದರೆ ಬುಧವಾರದವರೆಲ್ಲ ಬಂದು ಬೆಂಚು ತುಂಬಿ ಕೂತಿದ್ದರು. ತಲೆಗೂದಲನ್ನು ನೀರಿನಿಂದ ಒತ್ತಿ ಬಾಚಿಕೊಂಡಿದ್ದರು. ಹಿಂದಿನ ಸಾಲಿನ ತುದಿಯಲ್ಲಿ ಕ್ಯಾರಲ್ ಒಬ್ಬಳೇ ಕೂತಿದ್ದಳು. ನಾನು ನೋಡದವಳ ಹಾಗೆ ಮುಂದೆ ಹೋದೆ.

ಪ್ರಾರ್ಥನೆ ಮುಗಿಯಿತು. ಡೇಲ್‌ನ ವ್ಯಾನಿನ ಪಕ್ಕದಲ್ಲೇ ನಿಲ್ಲಿಸಿದ್ದ ನಮ್ಮ ಕಾರಿನ ಡಿಕ್ಕಿ ತೆರೆದು ಬಡಿಸಲು ನಿಂತೆ. ಮಳೆಯೂ ಅಲ್ಲದ ಮಂಜೂ ಅಲ್ಲದ ಹನಿ ಬೀಳುತ್ತಿತ್ತು. ಕಾಗದದ ತಟ್ಟೆಗಳು ಕೈಯಲ್ಲೇ ಮೆತ್ತಗಾದವು. ಯಾರೂ ಗೊಣಗಲಿಲ್ಲ. ಡೇಲ್‌ನ ತಂಗಿ, ಅವನ ಹಾಗೇ ಉದ್ದ ಕೈಯವಳು, ಡಬ್ಬಿಯ ಪುಡಿಯನ್ನು ನೋಡಿ, "ಇದೇನಾ ಆ ಪೀನಟ್ ಪೌಡರ್?" ಎಂದು ಕೇಳಿದಳು. ಹೌದು ಎಂದೆ.

"ಹಾಗಾದ್ರೆ ಸಿಟ್ಟಿನ ಮೇಡಂ ನೀವೇ. ಫೋನ್ ಮಾಡಿದಾಗೆಲ್ಲ ಹೇಳ್ತಿದ್ದ. ಬುಧವಾರ ಮಾತ್ರ ಫೋನ್ ಮಾಡ್ಬೇಡ, ಚರ್ಚಿನಲ್ಲಿ ಕೆಲಸ ಇರುತ್ತೆ ಅಂತಿದ್ದ."

ಕೆಲಸ ಇರುತ್ತೆ. ನಮ್ಮ ಪುಸ್ತಕದಲ್ಲಿ ಹೆಸರಿಲ್ಲದವನು ತನ್ನ ಮನೆಯವರಿಗೆ ನಮ್ಮನ್ನು ತನ್ನವರೆಂದು ಹೇಳಿಕೊಂಡಿದ್ದ. ನಾನು ಅವಳ ಆಲೂಗಡ್ಡೆಯ ಮೇಲೆ ಪುಡಿ ಉದುರಿಸುತ್ತಿದ್ದಾಗ ಹಿಂದಿನಿಂದ ಹಾಲ್‌ನ ಬಾಗಿಲು ತೆರೆದ ಸದ್ದಾಯಿತು. ಎರಡು ಬಾಗಿಲನ್ನೂ ಪೂರ್ತಿ ತೆರೆದು ಕ್ಯಾರಲ್ ನಿಂತಿದ್ದಳು.

"ಎಲ್ಲರೂ ನೆನೀತಿದಾರೆ. ಒಳಗೆ ಬನ್ನಿ," ಅಂದಳು. ಆಮೇಲೆ ನನ್ನ ಕಡೆ ತಿರುಗಿ, "ನಾನೇನೂ ರೂಲ್ ಮುರೀತಿಲ್ಲ. ಬುಧವಾರದ ಊಟ ಎಲ್ಲರಿಗೂ ಇದೆ. ಇವತ್ತು ಬುಧವಾರ ಅಂದ್ಕೊಳ್ಳಿ."

ಅಬ್ಬಾ, ನನಗೆ ಆಗ ಬಂದ ಸಿಟ್ಟು! ಇಷ್ಟು ಸುಲಭದ ದಾರಿ ಇದ್ದರೆ ಗುರುವಾರವೇ ಯಾಕೆ ಹೇಳಲಿಲ್ಲ? ಆದರೆ ಜನ ಒಳಗೆ ಹೋಗುತ್ತಿದ್ದರು, ಉಪ್ಪಿಟ್ಟು ಆರುತ್ತಿತ್ತು. ಪಾತ್ರೆಯ ಒಂದು ಕಿವಿ ಅವಳು ಹಿಡಿದಳು, ಇನ್ನೊಂದು ನಾನು.

ಎಲ್ಲರೂ ಹೋದ ಮೇಲೆ ತಳ ಹತ್ತಿದ ಪಾತ್ರೆ ಸಿಂಕಿನಲ್ಲಿ ಉಳಿಯಿತು. ದೊಡ್ಡ ಬ್ರಷ್ಷನ್ನು ಡೇಲ್ ಎಲ್ಲಿಡುತ್ತಿದ್ದ ಎಂದು ನಮ್ಮಿಬ್ಬರಿಗೂ ಗೊತ್ತಿರಲಿಲ್ಲ. ಮೂರು ವರ್ಷದಲ್ಲಿ ಒಮ್ಮೆಯೂ ನೋಡಿರಲಿಲ್ಲ. ಒಂದೊಂದೇ ಕಪಾಟು ತೆಗೆದು ಹುಡುಕಿದೆವು. ಹುಡುಕುತ್ತಲೇ ಕ್ಯಾರಲ್ ಹೇಳಿದಳು.

"ಬಾಬ್‌ನ ದಿನ ನಾನು ಕಿಚನ್ನಿಗೆ ಬಂದಿದ್ದು ಜನ ಇರಲಿಲ್ಲ ಅಂತ ಅಲ್ಲ. ಹಾಲ್‌ನಲ್ಲಿ ನಿಂತ್ಕೊಂಡು ಎಲ್ಲರ ಸಮಾಧಾನ ಕೇಳೋಕೆ ಆಗ್ಲಿಲ್ಲ. ನೀರು ತುಂಬ್ತಾ ನಿಂತಿದ್ರೆ ಯಾರೂ ಮಾತಾಡಿಸಲ್ಲ."

"ಮತ್ತೆ ನಾನು ನಿಯಮ ಬರೆದಾಗ ಯಾಕೆ ಹೇಳಲಿಲ್ಲ?"

"ನೀವು ನನ್ನ ಪರವಾಗಿ ಅಷ್ಟು ಸಿಟ್ಟು ಮಾಡ್ಕೊಂಡಿದ್ರಿ. ನನ್ನ ಪರವಾಗಿ ಯಾರೂ ಅಷ್ಟು ಸಿಟ್ಟು ಮಾಡ್ಕೊಂಡಿರಲಿಲ್ಲ. ಬೇಡ ಅನ್ನೋಕೆ ಮನಸ್ಸು ಬರಲಿಲ್ಲ."

ಬ್ರಷ್ ಸಿಂಕಿನ ಕೆಳಗೆ ಮೊಳೆಯೊಂದಕ್ಕೆ ನೇತುಹಾಕಿತ್ತು. ಪಾತ್ರೆ ಬೆಳ್ಳಗಾಗಲು ಬಹಳ ಹೊತ್ತು ಹಿಡಿಯಿತು.

ಮುಂದಿನ ವಾರ ಆಡಳಿತ ಸಮಿತಿ ನನ್ನನ್ನೇ ಕರೆದು ಹೊಸ ನಿಯಮ ಬರೆಯಲು ಹೇಳಿತು. ಯಾರು ಸತ್ತರೂ ಅವರ ಕಡೆಯವರಿಗೆ ಊಟ ಹಾಕತಕ್ಕದ್ದು ಎಂದು ಒಂದೇ ಸಾಲು ಬರೆದೆ. ಇಷ್ಟೇನಾ ಎಂದರು. ಇಷ್ಟೇ ಎಂದೆ. ಅದಕ್ಕೆ ಅವರು ಐದು ಉಪನಿಯಮ ಸೇರಿಸಿದರು, ನಾನು ಐದಕ್ಕೂ ಜಗಳವಾಡಿ ಮೂರನ್ನು ಕಿತ್ತುಹಾಕಿಸಿದೆ. ಉಳಿದೆರಡು ಈಗಲೂ ನನ್ನ ಕಣ್ಣಿಗೆ ಚುಚ್ಚುತ್ತವೆ. ಕೆಳಗೆ ಹೆಸರು ಹಾಕುವಾಗ ಕೈ ಸ್ವಲ್ಪ ತಡೆಯಿತು. ಇನ್ನು ಕೆಲವು ವರ್ಷಕ್ಕೆ ಯಾರೋ ಒಬ್ಬಳು, ನಮಗಿನ್ನೂ ಹೊಳೆಯದ ಯಾವುದೋ ಅನ್ಯಾಯ ಕಂಡು, ಇದನ್ನು ಬರೆದವಳಿಗೆ ಹೃದಯವಿತ್ತೇ ಎಂದು ಕೂಗುತ್ತಾ ಇದೇ ಕೋಣೆಗೆ ಬರುತ್ತಾಳೆ. ಅವಳು ಹೇಳುವುದು ಸರಿಯಾಗಿಯೇ ಇರುತ್ತದೆ.

"ಅವಳು ಬಂದ ದಿನ ನಾನು ಇಲ್ಲದಿದ್ರೆ, ಫೈಲ್ ತೋರಿಸೋಕೆ ಮುಂಚೆ ಕೂರೋಕೆ ಒಂದು ಕುರ್ಚಿ ಕೊಡಿ," ಎಂದು ಕ್ಯಾರಲ್‌ಗೆ ಹೇಳಿದೆ.

"ಕುರ್ಚಿನೂ ಕೊಡ್ತೀನಿ, ಕಾಫಿನೂ ಕೊಡ್ತೀನಿ," ಅಂದಳು ಕ್ಯಾರಲ್. ಒಂದು ಕ್ಷಣ ನನ್ನನ್ನು ನೋಡಿ ಸೇರಿಸಿದಳು: "ಡಿಕ್ಯಾಫ್."