ಕೆಂಪಿದ್ದರೆ ತಾಜಾ

ಮಕ್ಕಳೇ, ನಿಮ್ಮ ಈ ಅಜ್ಜಿ ಶೇರು ಮಾರುಕಟ್ಟೆಗೆ ಹಣ ಹಾಕಿದವಳು ಎಂದರೆ ನೀವು ನಗುತ್ತೀರಿ. ಹಾಕಿದ್ದು ನಿಜ. ಯಾರಾದರೂ ನಗುನಗುತ್ತಾ ಎರಡು ಸಲ ಹೇಳಿದರೆ ಮೂರನೆಯ ಸಲ ಬೇಡ ಎನ್ನಲು ನನಗೆ ನಾಚಿಕೆ.

ನಿಮ್ಮ ಅಜ್ಜ ಬಸ್ಸಿನ ಕಂಡಕ್ಟರಾಗಿ ದುಡಿದು ಉಳಿಸಿದ ಒಂದು ಲಕ್ಷ ಉಡುಪಿಯ ಬ್ಯಾಂಕಿನಲ್ಲಿ ಎಫ್‌ಡಿಯಾಗಿ ಇತ್ತು. ನನ್ನ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಮಳೆಗಾಲ ಕಳೆದ ಮೇಲೆ ಆಪರೇಷನ್ ಮಾಡುವ ಎಂದು ಮಣಿಪಾಲದ ಡಾಕ್ಟರು ಹೇಳಿದ್ದರು. ಖರ್ಚಿಗೆ ಅಳಿಯನಾದ ನಿಮ್ಮ ಅಪ್ಪನ ಹತ್ತಿರ ಕೇಳಬಾರದು, ಅಜ್ಜನ ಹಣದಲ್ಲೇ ಆಗಬೇಕು ಎಂಬುದು ನನ್ನ ಹಟ.

ಅಷ್ಟರಲ್ಲಿ ಎಫ್‌ಡಿಯ ಅವಧಿ ಮುಗಿಯಿತು. ಮುಂದುವರಿಸಲು ಹೋದರೆ ಕೌಂಟರಿನ ಹುಡುಗಿ, “ಅಮ್ಮ, ಎಫ್‌ಡಿಯಲ್ಲಿ ಎಂತ ಉಂಟು ಈಗ? ಮ್ಯೂಚುವಲ್ ಫಂಡಿಗೆ ಹಾಕಿ” ಎಂದಳು.

“ಅದರಲ್ಲಿ ಹಣ ಎಲ್ಲಿಗೆ ಹೋಗುವುದು?”

“ಎಲ್ಲ ಕಂಪೆನಿಗಳ ಶೇರಿಗೂ ಅಮ್ಮ. ಸಿಮೆಂಟು, ಔಷಧಿ, ಬ್ಯಾಂಕು...”

“ಬ್ಯಾಂಕಿಗಾ? ಈಗ ಬ್ಯಾಂಕಿನಲ್ಲೇ ಉಂಟಲ್ಲ?”

ಅವಳು ನಕ್ಕಳು. ದಡ್ಡಿ ಎಂದುಕೊಂಡಾಳೆಂದು ನಾನೂ ನಕ್ಕೆ, ತೋರಿಸಿದಲ್ಲೆಲ್ಲ ಸಹಿ ಹಾಕಿದೆ. ನನ್ನ ಫೋನಿನಲ್ಲಿ ಅದನ್ನು ನೋಡುವ ಒಂದು ಆ್ಯಪನ್ನೂ ಅವಳೇ ಹಾಕಿಕೊಟ್ಟಳು.

ದಿನಾ ಬೆಳಿಗ್ಗೆ ತೆರೆದು ನೋಡುತ್ತಿದ್ದೆ. ಪೊರೆಯಿಂದಾಗಿ ಅಂಕೆಗಳೆಲ್ಲ ಮಂಜು ಮಂಜು. ಬಣ್ಣ ಮಾತ್ರ ತಿಳಿಯುತ್ತಿತ್ತು. ಮೊದಲು ಕೆಲವು ದಿನ ಹಸಿರು. ನನಗೇಕೋ ಅದು ಸರಿಕಾಣಲಿಲ್ಲ. ಆಮೇಲೆ ಕೆಂಪಾಯಿತು. ಮನಸ್ಸು ನಿರಾಳವಾಯಿತು. ಮದುವೆಯಾಗಿ ಕಾಪುವಿಗೆ ಬಂದಾಗಿನಿಂದ ಬಂಗುಡೆಯ ಕಿವಿರು ಎತ್ತಿ ನೋಡಿಯೇ ಮೀನು ತಂದವಳು ನಾನು. ಕೆಂಪಿದ್ದರೆ ತಾಜಾ, ಬಣ್ಣಗೆಟ್ಟರೆ ಹಳತು. ಹಣಕ್ಕೆ ಬೇರೆ ನಿಯಮ ಇರಬಹುದೆಂದು ಹೊಳೆಯಲೇ ಇಲ್ಲ. ಹೀಗೆ ಮೂರು ವಾರ ಸುಖವಾಗಿದ್ದೆ.

ಒಂದು ದಿನ ಮಾರ್ಕೆಟಿನಲ್ಲಿ, ನನಗೆ ಯಾವಾಗಲೂ ಮೀನು ಕೊಡುವ ಹೆಂಗಸಿಗೆ ಹೆಮ್ಮೆಯಿಂದ ಫೋನು ತೋರಿಸಿದೆ. ಅವಳು ಒದ್ದೆ ಕೈ ಒರೆಸಿಕೊಂಡು ನೋಡಿದಳು.

“ಅಯ್ಯೋ ಅಕ್ಕ, ಕೆಂಪು ಮೀನಿಗೆ ಒಳ್ಳೆಯದು, ಹಣಕ್ಕಲ್ಲ! ಇದು ನಷ್ಟ. ತೊಂಬತ್ತೊಂದು ಸಾವಿರ ಅಂತ ಉಂಟು.”

“ಒಂದು ಲಕ್ಷ ಹಾಕಿದ್ದು ನಾನು!”

“ನಾನಾದರೆ ಮಧ್ಯಾಹ್ನದ ಮೊದಲೇ ಮಾರಿ ಕೈ ತೊಳೆಯುತ್ತಿದ್ದೆ.”

ಬ್ಯಾಂಕಿನ ಹುಡುಗಿಗೆ ಫೋನು ಮಾಡಿದರೆ ಅವಳದ್ದು ಬೇರೆಯೇ ಮಾತು. “ಈಗ ಮಾರಲೇಬೇಡಿ ಅಮ್ಮ. ಕಡಿಮೆಗೆ ಸಿಗುವಾಗ ಇನ್ನೂ ಸ್ವಲ್ಪ ಹಾಕಿ.” ಕಡಿಮೆಗೆ ಸಿಗುವ ಮೀನನ್ನು ನಾನೂ ಎಷ್ಟೋ ಸಲ ತಂದಿದ್ದೇನೆ. ಆದರೆ ಮೂಗು ಹತ್ತಿರ ತಂದು ನೋಡದೆ ತಂದಿಲ್ಲ. ಇದನ್ನು ಮೂಸುವುದು ಹೇಗೆ?

ಅಲ್ಲಿಂದ ನನ್ನ ನೆಮ್ಮದಿ ಹೋಯಿತು. ಸಾರಿಗೆ ಉಪ್ಪು ಎರಡು ಸಲ ಬಿತ್ತು. ತೆಂಗಿನಕಾಯಿ ತುರಿಯುತ್ತಾ ಫೋನು ನೋಡಲು ಹೋಗಿ ಬೆರಳು ತುರಿದುಕೊಂಡೆ. ಯಾರಿಗೂ ಹೇಳಲಿಲ್ಲ.

ಆಪರೇಷನ್ನಿಗೆ ಮೊದಲಿನ ಪರೀಕ್ಷೆಗೆ ನಿಮ್ಮ ಅಮ್ಮ ಕಾರ್ಕಳದಿಂದ ಬಂದು ನನ್ನನ್ನು ಮಣಿಪಾಲಕ್ಕೆ ಕರೆದುಕೊಂಡು ಹೋದಳು. ಬಿಪಿ ನೋಡಿದ ನರ್ಸ್ ಇನ್ನೊಮ್ಮೆ ಪಟ್ಟಿ ಕಟ್ಟಿದಳು.

“ಅಜ್ಜಿ, ಇಷ್ಟು ಹೆದರಿದರೆ ಹೇಗೆ? ಸಣ್ಣ ಆಪರೇಷನ್.”

“ಆಪರೇಷನ್ನಿಗೆ ಹೆದರಿದ್ದಲ್ಲ” ಎಂದುಬಿಟ್ಟೆ.

ಬಿಪಿ ಇಳಿಯದೆ ಆಪರೇಷನ್ ಇಲ್ಲ, ಹತ್ತು ದಿನ ಬಿಟ್ಟು ಬನ್ನಿ ಎಂದರು ಡಾಕ್ಟರು. ಹೊರಗಿನ ಬೆಂಚಿನಲ್ಲಿ ನಿಮ್ಮ ಅಮ್ಮ ಹಿಡಿದಳು. “ಮತ್ತೆ ಎಂತದಕ್ಕೆ ಹೆದರಿದ್ದು ನೀನು?”

ಎಲ್ಲ ಹೇಳಿದೆ. ಅವಳು, “ಒಂದು ಸೀರೆ ತೆಗೆಯಲಿಕ್ಕೆ ನನ್ನನ್ನು ನಾಲ್ಕು ಅಂಗಡಿ ಹತ್ತಿಸುವವಳು ನೀನು! ಇದಕ್ಕೆ ಮಾತ್ರ ಒಂದೇ ಕೌಂಟರಾ?” ಎಂದಳು. ಬೈದರೂ ನೇರ ಉಡುಪಿಗೆ ಕರೆದುಕೊಂಡು ಹೋಗಿ ಹಣ ತೆಗೆಯಲು ಅರ್ಜಿ ಹಾಕಿಸಿದಳು. ಕೆಲವು ದಿನಗಳಲ್ಲಿ ತೊಂಬತ್ತಮೂರು ಸಾವಿರ ಖಾತೆಗೆ ಬಂತು. ಬಿಪಿ ತಾನಾಗಿ ಇಳಿಯಿತು.

ಬಲಗಣ್ಣಿನ ಆಪರೇಷನ್ ಆದ ದಿನ ಬಿಲ್ಲು ಕಟ್ಟಲು ನಿಮ್ಮ ಅಪ್ಪ ಪರ್ಸ್ ತೆಗೆದರು. ಒಳಗಿಡಿ ಎಂದೆ. ಅಷ್ಟು ಗಟ್ಟಿಯಾಗಿ ಅವರೆದುರು ನಾನು ಯಾವತ್ತೂ ಮಾತಾಡಿದವಳಲ್ಲ.

ಉಳಿದ ಹಣ ಎಡಗಣ್ಣಿಗೆ ಬೇಕು. ಅದನ್ನು ಎಫ್‌ಡಿ ಮಾಡಲು ಹೋದ ದಿನ ಆ ಹುಡುಗಿ ಕೌಂಟರಿನಲ್ಲೇ ಇದ್ದಳು. ಅವಳು ಊಟಕ್ಕೆ ಏಳುವವರೆಗೆ ಎದುರಿನ ಬಸ್‌ಸ್ಟ್ಯಾಂಡಿನಲ್ಲಿ ಕುಳಿತಿದ್ದು ಆಮೇಲೆ ಒಳಗೆ ಹೋದೆ.