ಆಮೆನ್ ಅನ್ನುವಷ್ಟರಲ್ಲಿ ಆರಿದ ಮೇಣದಬತ್ತಿ

“ದೇವರೇ, ಈ ಬೆಳಕಿಗಾಗಿ ನಿನಗೆ ಸ್ತೋತ್ರ, ಆಮೆನ್” ಎಂದು ಕಣ್ಣು ತೆರೆದರೆ, ಗಾಜಿನ ಲೋಟದೊಳಗಿನ ಮೇಣದಬತ್ತಿ ಆರಿಹೋಗಿತ್ತು. ಸಿಂಧನೂರಿನ ಮಿಷನ್ ಹೈಸ್ಕೂಲಿನಲ್ಲಿ ಪ್ರತಿ ಪ್ರಯೋಗಕ್ಕೂ ಮೊದಲು ಪ್ರಾರ್ಥನೆ ಮಾಡಿಸುವ ವಿಜ್ಞಾನದ ಟೀಚರ್ ನಾನು. ಅಂದು ಹಿಂದಿನ ಬೆಂಚಿನಲ್ಲಿ ಇನ್‌ಸ್ಪೆಕ್ಟರ್ ಸಾಹೇಬರು ಕೂತಿದ್ದರು. ಆ ಗಡಿಬಿಡಿಯಲ್ಲಿ ಬತ್ತಿ ಹಚ್ಚಿ, ಮೇಲೆ ಲೋಟ ಬೋರಲು ಹಾಕಿ, ಆಮೇಲೆ ಕಣ್ಣು ಮುಚ್ಚಿದ್ದೆ.

“ಕೊಟ್ಟ ಬೆಳಕು ದೇವರು ವಾಪಸ್ ತಗೊಂಡನೇನ್ರೀ ಟೀಚರ್?” ಎಂದರು ಸಾಹೇಬರು.

ಜವಳಗೇರಾದಿಂದ ಬರುವ ಶಬಾನಾ ಎದ್ದು ನಿಂತಳು. “ದೇವರದೇನೂ ತಪ್ಪಿಲ್ರೀ ಸರ್. ಟೀಚರ್ ಪ್ರಾರ್ಥನಾ ಉದ್ದ ಆತು, ಒಳಗ ಆಕ್ಸಿಜನ್ ತೀರಿತು.”

ಇಡೀ ಪಾಠ ಅಲ್ಲಿಗೇ ಮುಗಿದಿತ್ತು. ಈಗ ನಮ್ಮ ಕ್ಲಾಸಿನಲ್ಲಿ ಮೊದಲು ಆಮೆನ್, ಆಮೇಲೆ ಬೆಂಕಿಕಡ್ಡಿ. ಆದರೂ ಪ್ರಾರ್ಥನೆ ಸ್ವಲ್ಪ ಉದ್ದವಾದರೆ ಸಾಕು, ಶಬಾನಾ ಕೆಮ್ಮುತ್ತಾಳೆ.