ದೆವ್ವದ ಪಿಚ್ಚರ್ ನೋಡಿ ಬಾಯಿಬಿಟ್ಟ ಸಿದ್ದರಾಜು

ಕೋವಿಡ್ ಬರುವುದಕ್ಕೆ ಎರಡು ವರ್ಷ ಮೊದಲಿನ ಮಾತು. ಆಗ ನಾನು ಚಾಮರಾಜನಗರದ ಸರ್ಕಾರಿ ಆಸ್ಪತ್ರೆಯಲ್ಲಿ ಸ್ಪೀಚ್ ಥೆರಪಿಸ್ಟ್ ಆಗಿದ್ದೆ. ಪ್ರತಿ ಬುಧವಾರ ಗುಂಡ್ಲುಪೇಟೆಯ ತಾಲ್ಲೂಕು ಆಸ್ಪತ್ರೆಗೂ ಹೋಗಬೇಕಿತ್ತು. ಅಲ್ಲಿ ಎಕ್ಸ್‌ರೇ ಕೋಣೆಯ ಪಕ್ಕದಲ್ಲಿ ನನಗೊಂದು ಮೇಜು, ಮೂರು ಕುರ್ಚಿ. ಬರುವವರಲ್ಲಿ ಹೆಚ್ಚಿನವರು ಮಾತು ತಡವಾದ ಮಕ್ಕಳು. ದೊಡ್ಡವರು ಬಂದರೆಂದರೆ ಅವರಿಗೆ ಸ್ಟ್ರೋಕ್ ಆಗಿರುತ್ತಿತ್ತು. ಜನರ ಬಾಯಲ್ಲಿ ಅದು ಲಕ್ವ.

ಸಿದ್ದರಾಜು ಅವರನ್ನು ಅವರ ಹೆಂಡತಿ ಜಯಮ್ಮ ಕರೆತಂದಾಗ ಲಕ್ವ ಹೊಡೆದು ನಾಲ್ಕು ತಿಂಗಳಾಗಿತ್ತು. ಐವತ್ತು ದಾಟಿದ, ಎತ್ತರದ ಮನುಷ್ಯ. ಬಲಗೈ ಎದೆಗೆ ಅಂಟಿಕೊಂಡಂತೆ ಮಡಚಿತ್ತು, ಬಲಗಾಲು ಎಳೆಯುತ್ತಿತ್ತು. ಇಸ್ತ್ರಿ ಮಾಡಿದ ಅಂಗಿ ತೊಟ್ಟು, ತಲೆ ಬಾಚಿಕೊಂಡು ಬಂದಿದ್ದರು. ನಾನು ಹೆಸರು ಕೇಳಿದೆ. ಅವರು ನೆಟ್ಟಗೆ ಕೂತು, ಗಂಟಲು ಸರಿಮಾಡಿಕೊಂಡು, ಬಾಯಿ ತೆರೆದರು.

"ತಗ" ಅಂದರು.

ಮತ್ತೆ ಪ್ರಯತ್ನಿಸಿದರು. "ತಗ. ತಗ ತಗ."

ಊರು ಕೇಳಿದರೂ ತಗ, ಊಟ ಕೇಳಿದರೂ ತಗ. ಸಿಟ್ಟಿನಿಂದ ಮೇಜು ಗುದ್ದಿದಾಗಲೂ ಹೊರಬಿದ್ದದ್ದು ಅದೇ. ಮಿದುಳಿನ ಎಡಭಾಗದಲ್ಲಿ ಮಾತನ್ನು ಕಟ್ಟುವ ಜಾಗಕ್ಕೆ ರಕ್ತ ಹೋಗುವುದು ನಿಂತಾಗ ಆಗುವ ಈ ತೊಂದರೆಗೆ ಅಫೇಸಿಯಾ ಎನ್ನುತ್ತೇವೆ. ಬುದ್ಧಿಗೆ ಏನೂ ಆಗಿರುವುದಿಲ್ಲ. ನಾವು ಹೇಳಿದ್ದು ಬಹುಪಾಲು ಅವರಿಗೆ ಅರ್ಥವಾಗುತ್ತದೆ. ಹೇಳಬೇಕಾದದ್ದು ಒಳಗೆ ಸಿದ್ಧವಾಗಿಯೂ ಇರುತ್ತದೆ, ಆದರೆ ಶಬ್ದವಾಗಿ ಹೊರಬರುವುದಿಲ್ಲ. ಕೆಲವರಲ್ಲಿ ಅದರ ಬದಲಿಗೆ ಒಂದೇ ಒಂದು ಉಚ್ಚಾರ ಉಳಿದುಬಿಡುತ್ತದೆ. ಸಿದ್ದರಾಜು ಅವರಿಗೆ ಉಳಿದದ್ದು "ತಗ". ಅದೇನಾದರೂ ಅರ್ಥವಿಲ್ಲದ ಶಬ್ದವಾಗಿದ್ದರೆ ವಾಸಿಯಿತ್ತು. ನಮ್ಮ ಕಡೆ ಅದು ತೆಗೆದುಕೋ ಎಂಬ ಮಾತು. ಅಂಗಡಿಯ ಮುಂದೆ ನಿಂತು ಅವರು "ತಗ" ಅಂದರೆ, "ಏನ್ ಕೊಡ್ತೀಯ ತಗಳಕೆ?" ಎಂದು ಜನ ನಗುತ್ತಿದ್ದರಂತೆ. ಆಮೇಲೆ ಅವರು ಅಂಗಡಿಗೆ ಹೋಗುವುದನ್ನೇ ಬಿಟ್ಟಿದ್ದರು.

"ಆಟೋಗೆ ಮೈಕ್ ಕಟ್ಕಂಡು ಊರೆಲ್ಲ ಕೂಗೋರು ಮೇಡಂ" ಎಂದರು ಜಯಮ್ಮ. "ನಾಟ್ಕ ಇರ್ಲಿ, ಬಟ್ಟೆ ಅಂಗ್ಡಿ ಇರ್ಲಿ, ಎಲೆಕ್ಷನ್ ಇರ್ಲಿ, ಇವ್ರೇ ಆಗ್ಬೇಕಿತ್ತು. ತೆರಕಣಾಂಬಿಗಂಟ ಇವ್ರ ದನಿ ಗೊತ್ತು. ಈಗ ನೋಡಿ."

ಸಿದ್ದರಾಜು ಕಿಟಕಿಯ ಕಡೆ ಮುಖ ತಿರುಗಿಸಿದರು.

ಎರಡು ತಿಂಗಳು ನನಗೆ ಗೊತ್ತಿದ್ದುದನ್ನೆಲ್ಲ ಮಾಡಿದೆ. ಒಂದು, ಎರಡು ಎಣಿಸುವುದು, ವಾರದ ಹೆಸರು ಹೇಳುವುದು, ಇವು ಯೋಚಿಸದೆಯೇ ನಾಲಿಗೆಗೆ ಬರುವ ಸರಣಿಗಳು. ಆಟೋಮ್ಯಾಟಿಕ್ ಸ್ಪೀಚ್ ಎನ್ನುತ್ತಾರೆ. ಮಾತು ಕಳೆದುಕೊಂಡವರಲ್ಲೂ ಇದು ಎಷ್ಟೋ ಸಲ ಉಳಿದಿರುತ್ತದೆ, ಏಕೆಂದರೆ ಅದು ಮಿದುಳಿನಲ್ಲಿ ಬೇರೆ ದಾರಿ ಹಿಡಿದು ಬರುತ್ತದೆ. ಸಿದ್ದರಾಜು ಅವರಲ್ಲಿ ಉಳಿದಿರಲಿಲ್ಲ. ಮಲೆ ಮಾದಪ್ಪನ ಹಾಡು ಹಾಡಿಸಿದೆ. ರಾಗ ತಪ್ಪದೆ ಬಂತು, ಪದಗಳ ಜಾಗದಲ್ಲೆಲ್ಲ ತಗ ತಗ. ಅದನ್ನು ಕೇಳಿ ಹೊರಗೆ ಸಾಲಿನಲ್ಲಿ ಕೂತಿದ್ದ ಯಾರೋ ಕಿಸಕ್ಕೆಂದರು. ಸಿದ್ದರಾಜು ಅರ್ಧಕ್ಕೇ ನಿಲ್ಲಿಸಿದರು. ಮುಂದಿನ ಬುಧವಾರ ಅವರು ಬರಲಿಲ್ಲ.

ಬಂದವರು ಜಯಮ್ಮ ಒಬ್ಬರೇ. ಕುರ್ಚಿಯಲ್ಲಿ ಕೂರಲೂ ಇಲ್ಲ.

"ಮೊನ್ನೆ ಬೆಳಿಗ್ಗೆ ಎದ್ದು ನೋಡ್ತೀನಿ, ಇಲ್ಲ. ಊರಾಚೆ ಹೂವಿನ ಹೊಲದ ಬಾವಿತಾವ ನಿಂತವ್ರೆ. ಹೂ ಕುಯ್ಯೋ ಹೆಣ್ಮಕ್ಳು ಕೈ ಹಿಡ್ದು ಎಳ್ಕಂಡು ಬಂದ್ರಂತೆ" ಎಂದರು. "ನಾನು ಅಂಗನವಾಡಿ ಕೆಲ್ಸಕ್ಕೆ ಹೋಗ್ಲೇಬೇಕು ಮೇಡಂ. ಹೋದ್ರೆ ಜೀವ ಮನೇಲಿರ್ತದೆ. ಏನಾರ ಮಾಡಿ. ಒಂದು ಮಾತು ಬರ್ಸಿ. ಅದ್ನ ಹಿಡ್ಕಂಡು ಬದುಕ್ತಾರೆ."

ಅಂದೇ ವೈದ್ಯರ ಹತ್ತಿರ ಮಾತಾಡಿ, ಮನೋವೈದ್ಯರಿಗೆ ತೋರಿಸುವ ಏರ್ಪಾಟು ಮಾಡಿಸಿದೆ. ಸ್ಟ್ರೋಕ್ ಆದ ಮೇಲೆ ಬರುವ ಖಿನ್ನತೆಗೆ ಮಾತ್ರೆ ಶುರುವಾಯಿತು. ಆದರೆ ಜಯಮ್ಮ ಕೇಳಿದ ಒಂದು ಮಾತು ನನ್ನ ಕೈಯಲ್ಲಿರಲಿಲ್ಲ. ಹೊರಡುವ ಮೊದಲು ಅವರಿಗೆ ಒಂದು ಪ್ರಶ್ನೆ ಕೇಳಿದೆ. ಜೀವನದಲ್ಲಿ ಸಿದ್ದರಾಜು ಅವರ ಬಾಯಲ್ಲಿ ಅತಿ ಹೆಚ್ಚು ಸಲ ಬಂದಿರುವ ಮಾತು ಯಾವುದು? ದೇವರ ನಾಮವೋ, ಬೈಗುಳವೋ, ಮೈಕಿನಲ್ಲಿ ಕೂಗಿದ್ದೋ, ಏನಾದರೂ ಸರಿ.

ಜಯಮ್ಮ ಯೋಚಿಸಿದರು. "ಮೈಕಲ್ಲಿ ದಿನಾ ಬ್ಯಾರೆಬ್ಯಾರೆ ಕೂಗೋರು. ಒಂದೇ ಮಾತು ಅಂದ್ರೆ... ದೆವ್ವದ ಪಿಚ್ಚರಿಂದು."

ವಿಷಯ ಹೀಗಿತ್ತು. ಮೈಕಿನ ಕೆಲಸಕ್ಕೆ ಬರುವ ಮೊದಲು ಸಿದ್ದರಾಜು ಟಿವಿ ಮತ್ತು ವಿಡಿಯೋ ಡೆಕ್ ಬಾಡಿಗೆಗೆ ಕೊಡುತ್ತಿದ್ದರು. ಮದುವೆ ಮನೆ, ತಿಥಿ ಮನೆ, ಉಮ್ಮತ್ತೂರು, ಚಂದಕವಾಡಿ, ಎಲ್ಲಿಗೆ ಕರೆದರೂ ಡೆಕ್ ಹೊತ್ತು ಹೋಗಿ ಕ್ಯಾಸೆಟ್ ಹಾಕುವುದು. ಆಮೇಲೆ ಸಿ.ಡಿ. ಕಾಲ ಬಂತು, ಗುಂಡ್ಲುಪೇಟೆಯಲ್ಲೇ ಸಣ್ಣ ಸಿ.ಡಿ. ಅಂಗಡಿ ಇಟ್ಟರು. ಎರಡು ಕಾಲದಲ್ಲೂ ಹೆಂಗಸರು ಮಕ್ಕಳು ಕೇಳುತ್ತಿದ್ದುದು ಹಳೆಯ ಕಪ್ಪು ಬಿಳುಪಿನ ಒಂದು ನಗೆಚಿತ್ರ. ಒಬ್ಬ ಜಿಪುಣ ಸತ್ತು ದೆವ್ವವಾಗಿ ತನ್ನ ಮನೆಗೇ ವಾಪಸು ಬರುತ್ತಾನೆ, ಮನೆಯವರು ಯಾರೂ ಅವನಿಗೆ ಹೆದರುವುದಿಲ್ಲ. ಬಿಳಿ ಧೋತ್ರ ಹೊದ್ದು ಅವನು ಎಷ್ಟು ಊಳಿಟ್ಟರೂ ಸೊಸೆ ಅಕ್ಕಿ ಆರಿಸುತ್ತಲೇ ಇರುತ್ತಾಳೆ. ಸಿದ್ದರಾಜು ಆ ಚಿತ್ರವನ್ನು ಲೆಕ್ಕವಿಲ್ಲದಷ್ಟು ಸಲ ಹಾಕಿದ್ದರು. ಟಿವಿಯ ಪಕ್ಕದಲ್ಲಿ ನಿಂತು ದೆವ್ವದ ಜೊತೆಜೊತೆಗೇ ಅದರ ಮಾತು ಹೇಳಿ ಜನರನ್ನು ನಗಿಸುವುದು ಅವರ ವಾಡಿಕೆ. ಜಯಮ್ಮ ಅವರನ್ನು ಮೊದಲು ನೋಡಿದ್ದೂ ಚಂದಕವಾಡಿಯಲ್ಲಿ ತಮ್ಮ ಅಕ್ಕನ ಮದುವೆಯಲ್ಲಿ, ಹಾಗೆ ದೆವ್ವವಾಡುತ್ತಿದ್ದಾಗಲೇ.

"ಆ ಸಿ.ಡಿ. ಈಗ ಇದೆಯಾ?" ಎಂದೆ.

ಅಂಗಡಿ ಮುಚ್ಚಿದಾಗ ಉಳಿದ ಸಿ.ಡಿ.ಗಳನ್ನು ಟ್ರಂಕಿಗೆ ತುಂಬಿ ಅಟ್ಟದ ಮೇಲೆ ಇಟ್ಟಿದ್ದರು. ಹುಡುಕಿದಾಗ ಸಿಕ್ಕಿತು, ಆದರೆ ಮೇಲೆಲ್ಲ ಬೂಷ್ಟು. ಪ್ಲೇಯರ್ ಎಂದೋ ಗುಜರಿಗೆ ಹೋಗಿತ್ತು. ಸಿದ್ದರಾಜು ಅವರ ತಮ್ಮ ನಾಗರಾಜು, ಅದೇ ಬೀದಿಯಲ್ಲಿ ಟೈಲರ್, ನಾಲ್ಕು ಕಡೆ ಕೇಳಿ ಪ್ಲೇಯರ್ ಒಂದನ್ನು ತಂದರು. ಅದು ಡಿಸ್ಕನ್ನು ಒಳಗೆ ಎಳೆದುಕೊಂಡು ಹೊರಗೆ ಉಗುಳುತ್ತಿತ್ತು. ಇನ್ನೊಂದು ತಂದರು. ಬೂಷ್ಟನ್ನು ಹತ್ತಿಯಿಂದ ಒರೆಸಿ ಹಾಕಿದರೆ ಪರದೆಯ ತುಂಬ ಚೌಕ ಚೌಕ. ಇಡೀ ಸಿನಿಮಾ ಎರಡು ಡಿಸ್ಕಿನಲ್ಲಿತ್ತು. ಎರಡನೆಯದು ಪೂರ್ತಿ ಕೆಟ್ಟಿತ್ತು. ಮೊದಲನೆಯದು ತಡವರಿಸಿಕೊಂಡಾದರೂ ಓಡಿತು.

ಮುಂದಿನ ಬುಧವಾರ ಮಧ್ಯಾಹ್ನ ಹೊರರೋಗಿಗಳನ್ನು ಮುಗಿಸಿ ಅವರ ಮನೆಗೇ ಹೋದೆ. ಸಿದ್ದರಾಜು ಮಂಚದ ಮೇಲೆ ಗೋಡೆ ಕಡೆ ತಿರುಗಿ ಮಲಗಿದ್ದರು. ಜಯಮ್ಮ ಎಬ್ಬಿಸಿ ಕೂರಿಸಿದರು. ಸಂಗೀತ ಶುರುವಾಯಿತು. ಅವರ ಹುಬ್ಬು ಅಲುಗಿತು, ಅಷ್ಟೇ. ದೆವ್ವ ಬಂತು, ಊಳಿಟ್ಟಿತು, ಸೊಸೆ ಅಕ್ಕಿ ಆರಿಸಿದಳು. ಆಗ ಸಿದ್ದರಾಜು ಅವರ ತುಟಿ ಅದರುವುದು ಕಂಡಿತು. ಪರದೆಯ ಮೇಲಿನ ದೆವ್ವ ಸೋತು, ಸೊಂಟದ ಮೇಲೆ ಕೈಯಿಟ್ಟುಕೊಂಡಿತು. ಅದು ಬಾಯಿ ತೆರೆಯುವುದೂ, ಮಂಚದ ಮೇಲಿಂದ ದಪ್ಪ ದನಿ ಏಳುವುದೂ ಒಟ್ಟಿಗೇ ಆಯಿತು.

"ನಾನು ದೆವ್ವ ಕಣ್ರೀ! ಸ್ವಲ್ಪನಾದರೂ ಹೆದರಿಕೊಳ್ಳಿ!"

ಒಂದಕ್ಷರ ತಪ್ಪಿರಲಿಲ್ಲ. ಜಯಮ್ಮ ಕೂತಲ್ಲೇ ನೆಲಕ್ಕೆ ಹಣೆ ಹಚ್ಚಿ ಅತ್ತುಬಿಟ್ಟರು. ನಾಗರಾಜು ಬೀದಿಗೆ ಓಡಿ, "ನಮ್ಮಣ್ಣ ಮಾತಾಡ್ಬುಟ್ಟ ಕಣ್ರಲಾ!" ಎಂದು ಕೂಗಿದ್ದು ಕೇಳಿಸಿತು. ಸಿದ್ದರಾಜು ತಮ್ಮ ಬಾಯನ್ನು ಎಡಗೈಯಲ್ಲಿ ಮುಟ್ಟಿ ನೋಡಿಕೊಂಡರು. ನನ್ನತ್ತ ತಿರುಗಿ ಏನೋ ಹೇಳಹೋದರು.

"ತಗ" ಎಂದರು.

ಆ ಮುಖವನ್ನು ನಾನು ಮರೆತಿಲ್ಲ. ಮನೆಯವರು ಅದನ್ನು ಗಮನಿಸುವ ಸ್ಥಿತಿಯಲ್ಲಿರಲಿಲ್ಲ. ನಾನು ವಿವರಿಸಿದೆ: ಈಗ ಬಂದದ್ದು ಬಾಯಿಪಾಠ, ಅಭ್ಯಾಸಬಲದಿಂದ ಹೊರಬಿದ್ದದ್ದು. ಇದನ್ನು ಹಿಡಿದು ಮುಂದೆ ಹೋಗಬಹುದು, ಆದರೆ ಇದೇ ಮಾತಲ್ಲ. ದಿನಕ್ಕೆ ಒಂದೇ ಸಲ, ಆ ದೃಶ್ಯ ಮಾತ್ರ ಹಾಕಿ. ದೆವ್ವ ಬಾಯಿ ತೆರೆಯುವ ಮೊದಲು ನಿಲ್ಲಿಸಿ, ಅವರಾಗಿ ಹೇಳಲಿ ಎಂದು ಕಾಯಿರಿ. ಜಯಮ್ಮ ಪ್ರತಿಯೊಂದಕ್ಕೂ ತಲೆಯಾಡಿಸಿದರು.

ಮುಂದಿನ ವಾರ ನಾನು ಹೋದಾಗ ಹೊಸ್ತಿಲ ಹೊರಗೆ ಚಪ್ಪಲಿಗಳ ರಾಶಿ. ಒಳಗೆ ನೆಂಟರು, ಅಕ್ಕಪಕ್ಕದವರು. ಬೆಳಿಗ್ಗೆ ಜಯಮ್ಮ ಅಂಗನವಾಡಿಗೆ ಹೋಗುವ ಮೊದಲು ಹಾಕಿದ ಸಿ.ಡಿ. ನಾಗರಾಜು ಅವರ ಉಸ್ತುವಾರಿಯಲ್ಲಿ ಓಡುತ್ತಲೇ ಇರುತ್ತಿತ್ತು. ಬಂದವರಿಗೆಲ್ಲ ಸಿದ್ದರಾಜು ದೆವ್ವದ ಮಾತು ಹೇಳಿ ತೋರಿಸಬೇಕು. ಹೇಳುತ್ತಲೂ ಇದ್ದರು, ದನಿಯಲ್ಲಿ ಜೀವವಿರಲಿಲ್ಲ. ಟಿವಿ ನಿಂತರೆ ಮತ್ತೆ ತಗ. ನಾನು ಜಯಮ್ಮ ಅವರನ್ನು ಅಡುಗೆಮನೆಗೆ ಕರೆದು, ಇದನ್ನು ನಿಲ್ಲಿಸಬೇಕು, ಇವರಿಗೆ ಇದು ಹಿಂಸೆಯಾಗುತ್ತಿದೆ ಎಂದೆ.

ಅವರು ನನ್ನ ಕೈ ಹಿಡಿದುಕೊಂಡರು. "ನಿಲ್ಸುದ್ರೆ ಅದೂ ಹೊಂಟೋದ್ರೆ? ಆಮ್ಯಾಕೆ ಬಾವಿತಾವ ಹೋದ್ರೆ ಯಾರ್ ಮೇಡಂ ಜವಾಬ್ದಾರಿ? ಆ ದನಿ ಕೇಳಿ ಆರ್ ತಿಂಗ್ಳಾಗಿತ್ತು ನಂಗೆ. ದೆವ್ವದ ಮಾತಾದ್ರೂ ಅವ್ರ ದನಿ ಅಲ್ವಾ?"

ನೆಂಟರನ್ನಾದರೂ ದೂರವಿಡಿ ಎಂದು ಬೇಡಿಕೊಂಡು ಬಂದೆ.

ಮೂರನೆಯ ವಾರ, ಭಾನುವಾರ ಮಧ್ಯಾಹ್ನ, ನಾಗರಾಜು ಫೋನ್ ಮಾಡಿದರು. ಉಸಿರು ಕಟ್ಟಿದ ದನಿ. "ಮೇಡಂ, ಅಣ್ಣ ಎಲ್ಲ ಹೊಡ್ದಾಕ್ಬುಟ್ಟ. ಅತ್ಗೆ ಎದ್ದೇಳ್ತಾ ಇಲ್ಲ. ಬರಕಾಯ್ತದಾ?"

ಬಸ್ಸು ಹಿಡಿದು ಹೊರಟೆ. ಬಾವಿಯ ವಿಚಾರ ಬಿಟ್ಟು ಬೇರೆ ಏನೂ ತಲೆಯಲ್ಲಿ ಓಡುತ್ತಿರಲಿಲ್ಲ. ಮನೆಯ ಬಾಗಿಲಲ್ಲಿ ಈ ಸಲ ಯಾರೂ ಇರಲಿಲ್ಲ. ಪ್ಲೇಯರ್ ನೆಲದಲ್ಲಿ ಬೋರಲು ಬಿದ್ದಿತ್ತು, ಡಿಸ್ಕ್ ಎರಡು ಹೋಳು. ಸಿದ್ದರಾಜು ಮಂಚದ ತುದಿಯಲ್ಲಿ ಬೆವತು ಕೂತಿದ್ದರು. ಜಯಮ್ಮ ಮೂಲೆಯಲ್ಲಿ ಗೋಡೆಗೊರಗಿದ್ದರು, ಕಣ್ಣೀರು ಒಣಗಿತ್ತು.

"ಮುಗೀತು ಮೇಡಂ. ಇದ್ದಿದ್ದೂ ಹೋಯ್ತು."

ಏನಾಯಿತೆಂದು ಮೊದಲಿನಿಂದ ಹೇಳಿ ಎಂದೆ. ಚಂದಕವಾಡಿಯಿಂದ ಅಕ್ಕ ಭಾವ ಬಂದಿದ್ದರು. ಅವರಿಗೆ ತೋರಿಸೋಣವೆಂದು ಜಯಮ್ಮ ಸಿ.ಡಿ. ಹಾಕಲು ಹೋದರು. ಸಿದ್ದರಾಜು ಕೈ ಅಡ್ಡ ಮಾಡಿದರು. ಇವರು ಒಂದೇ ಒಂದ್ಸಲ ಎಂದು ಬಟನ್ ಒತ್ತಿದರು. ಸಿದ್ದರಾಜು ಗೋಡೆ ಹಿಡಿದುಕೊಂಡು ಎದ್ದು ಬಂದು, ಪ್ಲೇಯರ್ ಕಿತ್ತು ನೆಲಕ್ಕೆ ಅಪ್ಪಳಿಸಿದರು.

"ಬ್ಯಾಡ ಬ್ಯಾಡ ಅಂತ ಕಿರಿಚ್ಕಂಡು, ಹುಚ್ಚು ಹಿಡ್ದೋರಂಗೆ..."

"ಏನಂತ ಕಿರುಚಿದರು?" ನಾನು ತಡೆದು ಕೇಳಿದೆ.

"ಬ್ಯಾಡ ಅಂತ."

ಹೇಳಿದ ಮೇಲೆ ಜಯಮ್ಮ ತಾವೇ ಗಂಡನ ಕಡೆ ತಿರುಗಿ ನೋಡಿದರು. ಆ ಗಲಾಟೆಯಲ್ಲಿ ಅವರು ಅದನ್ನು ಕೇಳಿದ್ದರೇ ಹೊರತು ಲಕ್ಷ್ಯಕ್ಕೆ ತೆಗೆದುಕೊಂಡಿರಲಿಲ್ಲ. ನಾನು ನಾಗರಾಜು ಕಡೆ ತಿರುಗಿದೆ. ಸಿನಿಮಾದಲ್ಲಿ ಎಲ್ಲಾದರೂ ಆ ಮಾತು ಬರುತ್ತದೆಯೇ?

ನಾಗರಾಜು ಕಣ್ಣು ಮುಚ್ಚಿ ನೆನಪಿಸಿಕೊಂಡರು. "ಇಲ್ಲ ಮೇಡಂ. ಆ ಪಿಚ್ಚರ್‌ನೋರು ಸಿಟಿ ಜನ. ಅವ್ರೆಲ್ಲ ಬೇಡ ಅಂತಾರೆ. ಬ್ಯಾಡ ಅನ್ನೋದು ನಾವು."

ನಾನು ಕುರ್ಚಿ ಎಳೆದುಕೊಂಡು ಸಿದ್ದರಾಜು ಅವರ ಎದುರಿಗೆ ಕೂತೆ. ಒಂದು ಸಲ ಸಿಟ್ಟಿನಲ್ಲಿ ಬಂದ ಪದ ಮತ್ತೆ ಬಾರದೆಯೂ ಹೋಗಬಹುದು. ಬೇಕೆಂದಾಗ ಬರುತ್ತದೆಯೇ ಎಂದು ನೋಡಬೇಕಿತ್ತು. ಅವರ ಮುಖ ನೋಡುತ್ತ ಮೆಲ್ಲಗೆ ಕೇಳಿದೆ.

"ಇನ್ನೊಂದು ಪ್ಲೇಯರ್ ತರಿಸಲಾ?"

ಅವರ ಕತ್ತಿನ ನರ ಉಬ್ಬಿತು. ತುಟಿ ಎರಡು ಸಲ ಕೂಡಿ ಬಿಟ್ಟಿತು. "ಬ್ಯಾ... ಬ್ಯಾಡ."

"ನೆಂಟರು ಬರಬಹುದಾ?"

"ಬ್ಯಾಡ." ಈ ಸಲ ಬೇಗ ಬಂತು.

"ಹಾಗಾದರೆ ನಾನೂ ಹೊರಡಲಾ?"

ಅವರು ನನ್ನನ್ನೇ ನೋಡಿದರು. ಆಮೇಲೆ ದನಿ ತಗ್ಗಿಸಿ, "ಬ್ಯಾಡ" ಎಂದರು.

ನಾಗರಾಜು ಬಾಗಿಲಿಗೆ ಹೋಗಿ ಬೀದಿ ಕಡೆ ಮುಖ ಮಾಡಿ ನಿಂತುಬಿಟ್ಟರು. ಜಯಮ್ಮ ಎದ್ದು ಬಂದು ಗಂಡನ ಪಕ್ಕದಲ್ಲಿ ಕೂತರು. ಅವರ ಬೆನ್ನಿನ ಬೆವರನ್ನು ಸೆರಗಿನಿಂದ ಒರೆಸಿದರು.

ಅಲ್ಲಿಂದ ನನ್ನ ಕೆಲಸ ತಿರುಗುಮುರುಗಾಯಿತು. ಬೇಕಾದದ್ದನ್ನು ಕೊಟ್ಟು ಹೆಸರು ಹೇಳಿಸುವ ಬದಲು, ಬೇಡವಾದದ್ದನ್ನು ಕೊಡತೊಡಗಿದೆ. ಅನ್ನದ ಬದಲು ಬಾಚಣಿಗೆ, ಅಂಗಿಗೆ ಕೈ ಚಾಚಿದರೆ ಛತ್ರಿ. ಅವರು ಬ್ಯಾಡ ಎನ್ನುವರು. "ಮತ್ತೇನು?" ಎಂದು ಕೇಳಿ ನಾವು ಕಾಯುವುದು. ಬಾಯಿಗೆ ಮಾತಿಡದೆ, ಊಹಿಸದೆ ಸುಮ್ಮನೆ ಕೂತು ಕಾಯುವುದು ಜಯಮ್ಮ ಅವರಿಗೆ ಎಲ್ಲಕ್ಕಿಂತ ಕಷ್ಟವಾಯಿತು. ಎಷ್ಟೋ ವಾರ ಬ್ಯಾಡದ ಮುಂದೆ ಏನೂ ಬರಲಿಲ್ಲ. ಬಾವಿಯ ಹೆದರಿಕೆ ನಮ್ಮನ್ನು ಒಂದೇಟಿಗೆ ಬಿಡಲೂ ಇಲ್ಲ. ನಾಗರಾಜು ಹೊಲಿಗೆ ಯಂತ್ರವನ್ನು ಅಣ್ಣನ ಜಗಲಿಗೇ ತಂದು ಹಾಕಿಕೊಂಡು ಹಗಲೆಲ್ಲ ಅಲ್ಲೇ ಹೊಲಿಯುತ್ತಿದ್ದರು.

ನಾಲ್ಕೈದು ತಿಂಗಳ ಮೇಲೆ ಒಂದು ಬುಧವಾರ ಅವರ ಮನೆಯಲ್ಲಿದ್ದೆ. ಜಯಮ್ಮ ನಮಗೆಲ್ಲ ಟೀ ತಂದರು. ಸಿದ್ದರಾಜು ಲೋಟವನ್ನು ಎಡಗೈಯಿಂದ ಆಚೆ ತಳ್ಳಿದರು.

"ಬ್ಯಾಡ" ಎಂದರು. ಸ್ವಲ್ಪ ತಡೆದು, "ಕಾಪಿ" ಎಂದರು.

"ಕಾಪಿಪುಡಿ ಎಲ್ಲೈತೆ ಈಗ? ಟೀ ಮಾಡಾದ್ಮ್ಯಾಕೆ ಹೇಳ್ತೀರಲ್ಲ!" ಜಯಮ್ಮ ರೇಗಿದರು. ಬಯ್ಯುತ್ತಲೇ ಚಪ್ಪಲಿ ಮೆಟ್ಟಿಕೊಂಡು ಅಂಗಡಿಗೆ ಹೊರಟವರು, ಬೀದಿಯ ನಡುವೆ ನಿಂತು ತಿರುಗಿ ನೋಡಿದರು.

ಸಿದ್ದರಾಜು ಮತ್ತೆ ಮೈಕ್ ಹಿಡಿಯಲಿಲ್ಲ. ನಾನು ನಿವೃತ್ತಳಾಗುವ ವೇಳೆಗೆ ಅವರ ಬಳಿ ಕೆಲವು ಡಜನ್ ಪದಗಳಿದ್ದವು, ಒಟ್ಟಿಗೆ ಎರಡು ಮೂರಕ್ಕಿಂತ ಹೆಚ್ಚು ಬರುತ್ತಿರಲಿಲ್ಲ. ಅಷ್ಟರಲ್ಲೇ ಅವರು ಅಂಗಡಿಗೆ ಹೋಗಿಬರುತ್ತಿದ್ದರು, ತಮ್ಮನ ಜೊತೆ ಜಗಳವನ್ನೂ ಆಡುತ್ತಿದ್ದರು. ಇದನ್ನು ಗುಣವಾಯಿತು ಎಂದು ನಾನು ಯಾವ ಕಾಗದದಲ್ಲೂ ಬರೆದಿಲ್ಲ.

ಸಿದ್ದರಾಜು ಅವರ ನಂತರ ಬಂದ ಪ್ರತಿ ಮನೆಯವರಿಗೂ ನಾನು ಮೊದಲ ದಿನವೇ ಒಂದು ಮಾತು ಹೇಳುತ್ತಿದ್ದೆ. ಮಾತು ಹೋದವರಿಂದ ನಮಗೆ ಇಷ್ಟವಾದದ್ದನ್ನು ಹೇಳಿಸಲು ಆತುರಪಡಬೇಡಿ. ಅವರು ನಿಮಗೆ ಬೇಡ ಎನ್ನಲು ಎಡೆ ಕೊಡಿ. ಕೈ ಅಡ್ಡ ಬಂದರೆ ಅಲ್ಲಿಗೇ ನಿಲ್ಲಿಸಿ. ಕಲಿಸಿದ್ದನ್ನು ಒಪ್ಪಿಸುವುದಕ್ಕೆ ಬಾಯಿ ಇದ್ದರೆ ಸಾಕು, ಒಲ್ಲೆ ಎನ್ನುವುದಕ್ಕೆ ಒಳಗೆ ಒಬ್ಬ ಮನುಷ್ಯ ಬೇಕು. ನನ್ನ ಕೆಲಸ ಇದ್ದದ್ದು ಆ ಮನುಷ್ಯನ ಜೊತೆಗೆ.